ಹಿಡಿತ ಕಲಿಯುವ ಮೊದಲೇ ಪೆನ್ಸಿಲ್

ದೊಡ್ಡವರ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಆಗತಾನೇ ಹುಟ್ಟಿದ ಕೂಸಿನ ಕೈಯ ಎಕ್ಸ್‌ರೇ ತೆಗೆದರೆ ಸಾಮಾನ್ಯವಾಗಿ ಆ ಎಂಟರಲ್ಲಿ ಒಂದೂ ಕಾಣುವುದಿಲ್ಲ, ಅಲ್ಲಿರುವುದೆಲ್ಲ ಮೃದ್ವಸ್ಥಿ. ಎರಡು ಮೂರು ತಿಂಗಳಿಗೆ ಎರಡು ಮೂಳೆ ಗಟ್ಟಿಯಾಗತೊಡಗುತ್ತವೆ. ಎಲ್‌ಕೆಜಿಗೆ ಸೇರುವ ಹೊತ್ತಿಗೆ ಮೂರೋ ನಾಲ್ಕೋ ಕಾಣುತ್ತವೆ. ಎಂಟನೆಯದು ಕಾಣಿಸಿಕೊಳ್ಳುವಾಗ ಮಗುವಿಗೆ ಎಂಟು ವರ್ಷ ದಾಟಿರುತ್ತದೆ, ಕೆಲವರಿಗೆ ಹನ್ನೆರಡೂ ಆಗಿರುತ್ತದೆ. ಇಂಥ ಕೈಗೆ ನಾವು ಮೂರೂವರೆ ವರ್ಷಕ್ಕೆ ಪೆನ್ಸಿಲ್ ಕೊಟ್ಟು, ನಾಲ್ಕು ಗೆರೆಯ ಪುಸ್ತಕ ತೆರೆದಿಟ್ಟು, ಗೆರೆ ದಾಟದಂತೆ ಪುಟ ತುಂಬಿಸು ಎನ್ನುತ್ತಿದ್ದೇವೆ.

ಮೂಳೆ ಗಟ್ಟಿಯಾಗದೆ ಬರೆಯಲಾಗದು ಎಂದೇನಲ್ಲ, ಮೃದ್ವಸ್ಥಿಯೂ ಭಾರ ತಾಳುತ್ತದೆ. ಕೈ ಇನ್ನೂ ಕಟ್ಟಿಕೊಳ್ಳುತ್ತಿದೆ ಎಂಬುದನ್ನಷ್ಟೇ ಎಕ್ಸ್‌ರೇ ಹೇಳುತ್ತದೆ. ಮೂಳೆಗಿಂತ ಸೂಕ್ಷ್ಮವಾಗಿ ಕಟ್ಟಿಕೊಳ್ಳುವುದು ಹಿಡಿತದ ಹದ. ಎಷ್ಟು ಒತ್ತಿ ಹಿಡಿದರೆ ಜಾರುವುದಿಲ್ಲ, ಎಷ್ಟು ಒತ್ತಿದರೆ ಮುರಿದುಹೋದೀತು ಎಂಬ ಲೆಕ್ಕ ಅದು. ಈ ಲೆಕ್ಕ ಯಾರಿಗೂ ಹುಟ್ಟಿನಿಂದ ಬರುವುದಿಲ್ಲ, ವರ್ಷ ತುಂಬಿದ ಮಾತ್ರಕ್ಕೂ ಬರುವುದಿಲ್ಲ. ಮೊದಲ ಹುಟ್ಟುಹಬ್ಬದಿಂದ ಎಂಟರವರೆಗೆ ಬೆರಳುಗಳು ಅದನ್ನು ಕಲಿಯುತ್ತಾ ಹೋಗುತ್ತವೆ. ಆ ವರ್ಷಗಳ ತುಂಬ ಹಿಡಿಯಲು, ಎತ್ತಲು, ಬೀಳಿಸಲು ಬಗೆಬಗೆಯ ವಸ್ತುಗಳು ಬೇಕು. ನಾವು ಆ ವಸ್ತುಗಳನ್ನು ಮಕ್ಕಳ ಕೈಯಿಂದ ತೆಗೆದು, ಅವುಗಳ ಜಾಗದಲ್ಲಿ ಮೊದಲು ಮೊಬೈಲನ್ನೂ ಆಮೇಲೆ ಪೆನ್ಸಿಲನ್ನೂ ಇಡುತ್ತಿದ್ದೇವೆ. ಇದರ ಫಲವನ್ನು ಮುಂದಿನ ಹತ್ತು ವರ್ಷ ನಮ್ಮ ಶಾಲೆಗಳು ಉಣ್ಣಲಿವೆ ಎಂಬುದು ನನ್ನ ಆತಂಕ. ಅದಕ್ಕೆ ಆಧಾರ ಏನಿದೆ, ಯಾವ ಆಧಾರ ಎಷ್ಟು ಗಟ್ಟಿ ಎಂಬುದನ್ನೂ ಹೇಳುತ್ತೇನೆ.

ಹಸುಗೂಸಿನ ಅಂಗೈಗೆ ಬೆರಳು ತಾಗಿಸಿದರೆ ಅದು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. 1891ರಲ್ಲಿ ಲೂಯಿಸ್ ರಾಬಿನ್ಸನ್ ಎಂಬ ಇಂಗ್ಲಿಷ್ ವೈದ್ಯರು ಕೂಸುಗಳ ಕೈಗೆ ಊರುಗೋಲು ಹಿಡಿಸಿ ಎತ್ತಿ ನೋಡಿದ ದಾಖಲೆ ಇದೆ. ಬಹುಪಾಲು ಕೂಸುಗಳು ಹತ್ತು ಸೆಕೆಂಡಿಗೆ ಕಡಿಮೆಯಿಲ್ಲದಂತೆ ತಮ್ಮ ಮೈಭಾರ ಹೊತ್ತು ನೇತಾಡಿದ್ದವು. (ಮನೆಯಲ್ಲಿ ಯಾರೂ ಇದನ್ನು ಮಾಡಿ ನೋಡಬಾರದು.) ಅಷ್ಟು ಬಲವಿದ್ದರೂ ಆ ಹಿಡಿತ ಮಗುವಿನ ಇಚ್ಛೆಯದಲ್ಲ, ನರಮಂಡಲದ ಪ್ರತಿವರ್ತನೆ. ಹಿಡಿದದ್ದನ್ನು ಬೇಕೆಂದಾಗ ಬಿಡಲು ಕೂಸಿಗೆ ಬಾರದು. ಆರು ತಿಂಗಳ ಹೊತ್ತಿಗೆ ಆ ಪ್ರತಿವರ್ತನೆ ಅಡಗಿ, ಬೇಕೆಂದು ಹಿಡಿಯುವ ಹಿಡಿತ ಅದರ ಜಾಗಕ್ಕೆ ಬರುತ್ತದೆ. 1931ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಎಚ್.ಎಂ. ಹಾಲ್ವರ್ಸನ್ 16ರಿಂದ 52 ವಾರದ ಮಕ್ಕಳ ಮುಂದೆ ಒಂದು ಅಂಗುಲದ ಮರದ ತುಂಡನ್ನಿಟ್ಟು, ಅವರು ಅದನ್ನು ಹಿಡಿಯುವುದನ್ನು ಸಿನಿಮಾ ಕ್ಯಾಮೆರಾದಲ್ಲಿ ಸೆರೆಹಿಡಿದು ಹತ್ತು ಬಗೆಯ ಹಿಡಿತಗಳನ್ನು ಗುರುತಿಸಿದರು. ಮೊದಲು ಇಡೀ ಅಂಗೈಯಿಂದ ಬಾಚಿಕೊಳ್ಳುತ್ತದೆ, ಆಮೇಲೆ ಹೆಬ್ಬೆರಳು ಎದುರು ನಿಲ್ಲುತ್ತದೆ, ವರ್ಷ ತುಂಬುವ ಹೊತ್ತಿಗೆ ತೋರುಬೆರಳಿನ ತುದಿಗೂ ಹೆಬ್ಬೆರಳಿನ ತುದಿಗೂ ನಡುವೆ ಒಂದು ಅನ್ನದ ಅಗುಳು ಸಿಗುತ್ತದೆ.

ಇಷ್ಟು ಪ್ರತಿಯೊಬ್ಬ ತಾಯಿಯೂ ಅಜ್ಜಿಯೂ ಕಂಡದ್ದೇ. ಕಣ್ಣಿಗೆ ಕಾಣದ ಕಲಿಕೆ ಶುರುವಾಗುವುದು ಚಿಟಿಕೆ ಬಂದ ಮೇಲೆ.

ಅರ್ಧ ನೀರಿರುವ ಸ್ಟೀಲ್ ಲೋಟವನ್ನು ನೀವು ಹೇಗೆ ಎತ್ತುತ್ತೀರಿ ಎಂದು ಒಮ್ಮೆ ಗಮನಿಸಿ. ಬೆರಳು ತಾಗಿದ ಕ್ಷಣದಿಂದ ಎರಡು ಬಲಗಳು ಒಟ್ಟೊಟ್ಟಿಗೆ ಏರುತ್ತವೆ, ಒಂದು ಲೋಟವನ್ನು ಅಕ್ಕಪಕ್ಕದಿಂದ ಒತ್ತುವ ಬಲ, ಇನ್ನೊಂದು ಮೇಲಕ್ಕೆತ್ತುವ ಬಲ. ಲೋಟ ಜಾರದಿರಲು ಎಷ್ಟು ಒತ್ತಬೇಕೋ ಅದಕ್ಕಿಂತ ಚೂರೇ ಹೆಚ್ಚು ಒತ್ತಿರುತ್ತೀರಿ. ಸ್ವೀಡನ್ನಿನ ಉಮಿಯೊ ವಿಶ್ವವಿದ್ಯಾಲಯದಲ್ಲಿ ರೋಲಂಡ್ ಯೋಹಾನ್ಸನ್ ಮತ್ತು ಯೊರಾನ್ ವೆಸ್ಟ್‌ಲಿಂಗ್ 1980ರ ದಶಕದಲ್ಲಿ ಇದನ್ನು ಅಳೆದು ತೋರಿಸಿದರು. ಬಲ ಅಳೆಯುವ ಉಪಕರಣ ಕೂಡಿಸಿದ ಪುಟ್ಟ ವಸ್ತುವಿಗೆ ಒಮ್ಮೆ ಉಪ್ಪುಕಾಗದ, ಒಮ್ಮೆ ರೇಷ್ಮೆ ಬಟ್ಟೆ ಅಂಟಿಸಿ ಎತ್ತಿಸಿದರು. ರೇಷ್ಮೆ ಎಂದು ಬೆರಳಿಗೆ ತಿಳಿದ ತಕ್ಷಣ ಹಿಡಿತ ಬಿಗಿಯಾಗುತ್ತಿತ್ತು, ಉಪ್ಪುಕಾಗದವಾದರೆ ಸಡಿಲವಾಗುತ್ತಿತ್ತು. ವಸ್ತು ಕೂದಲೆಳೆಯಷ್ಟು ಜಾರಿದರೂ ಸುಮಾರು 70 ಮಿಲಿಸೆಕೆಂಡಿನಲ್ಲಿ ಬೆರಳು ಬಿಗಿಯುತ್ತಿತ್ತು, ಎತ್ತುವವರಿಗೆ ಅದರ ಅರಿವೂ ಇರುತ್ತಿರಲಿಲ್ಲ. ಬೆರಳ ತುದಿಗೆ ಮರಗಟ್ಟುವ ಮದ್ದು ಕೊಟ್ಟಾಗ ಈ ಹದ ಕೆಟ್ಟುಹೋಯಿತು. ಅಂಗೈ ಮತ್ತು ಬೆರಳುಗಳ ಒಳಮೈಯಲ್ಲಿ ಸ್ಪರ್ಶ ಗ್ರಹಿಸುವ ಸುಮಾರು 17,000 ನರತುದಿಗಳಿವೆ ಎಂಬ ಅಂದಾಜೂ ಉಮಿಯೊದ ಸಂಶೋಧನೆಯಿಂದಲೇ ಬಂದದ್ದು.

1991ರಿಂದ ಮುಂದಿನ ಕೆಲವು ವರ್ಷ ಹಾನ್ಸ್ ಫೋರ್ಸ್‌ಬೆರ್ಗ್ ಮತ್ತು ಅವರ ಸಂಗಡಿಗರು ಇದೇ ಪರೀಕ್ಷೆಯನ್ನು ಮಕ್ಕಳ ಮೇಲೆ ನಡೆಸಿದರು. ಮಕ್ಕಳ ಕೈಯ ಬಗ್ಗೆ ನಾನು ಓದಿರುವುದರಲ್ಲಿ ಇಷ್ಟು ತಿಳಿವು ಕೊಟ್ಟದ್ದು ಇನ್ನೊಂದಿಲ್ಲ. ವರ್ಷದೊಳಗಿನ ಮಗು ಎರಡು ಬಲಗಳನ್ನು ಒಟ್ಟಿಗೆ ಏರಿಸುವುದಿಲ್ಲ. ಮೊದಲು ಗಟ್ಟಿಯಾಗಿ ಹಿಡಿಯುತ್ತದೆ, ಹಿಡಿಯುವಾಗ ವಸ್ತುವನ್ನು ಮೇಜಿಗೇ ಒತ್ತುತ್ತದೆ, ಆಮೇಲೆ ಎತ್ತುತ್ತದೆ. ಹಿಡಿತದ ಬಲವೂ ಒಂದೇ ಏರಿನಲ್ಲಿ ಏರದೆ ತಡೆತಡೆದು ಏರುತ್ತದೆ. ಎರಡನೇ ವರ್ಷದಲ್ಲಿ ಹಿಡಿಯುವುದೂ ಎತ್ತುವುದೂ ಜೊತೆಗೂಡತೊಡಗುತ್ತವೆ. ಹಿಂದಿನ ಸಲ ಎಷ್ಟು ಭಾರವಿತ್ತು ಎಂಬ ನೆನಪಿನಿಂದ ಈ ಸಲದ ಬಲವನ್ನು ಮೊದಲೇ ಹೊಂದಿಸಿಕೊಳ್ಳುವುದೂ ಆಗಲೇ ಮೊಳೆಯುತ್ತದೆ. ಅದು ದೊಡ್ಡವರ ಮಟ್ಟ ಮುಟ್ಟುವುದು ಆರರಿಂದ ಎಂಟು ವರ್ಷದ ಹೊತ್ತಿಗೆ. ಸಣ್ಣಪುಟ್ಟ ತಿದ್ದುಪಡಿ ಹದಿಹರೆಯದವರೆಗೂ ನಡೆಯುತ್ತಿರುತ್ತದೆ.

ಉಪ್ಪುಕಾಗದ, ರೇಷ್ಮೆಯ ಪರೀಕ್ಷೆಯಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಮೇಲ್ಮೈ ಬದಲಾಗಿದೆ ಎಂದು ಅರಿತು ಹಿಡಿತ ಬದಲಿಸಲು ದೊಡ್ಡವರಿಗೆ ಒಂದೇ ಸಲ ಎತ್ತಿದರೆ ಸಾಕು, ಪುಟ್ಟ ಮಕ್ಕಳು ಅದೇ ವಸ್ತುವನ್ನು ಮತ್ತೆ ಮತ್ತೆ ಎತ್ತಬೇಕು. ಅಲ್ಲಿಯವರೆಗೆ ಅವರಿಗಿರುವ ಉಪಾಯ ಒಂದೇ, ಜಾರಿಬಿಟ್ಟೀತು ಎಂದು ಬೇಕಾದ್ದಕ್ಕಿಂತ ಬಹಳ ಹೆಚ್ಚು ಒತ್ತಿ ಹಿಡಿಯುವುದು. ನಾಲ್ಕು ವರ್ಷದ ಮಗು ಪೆನ್ಸಿಲನ್ನು ಉಗುರು ಬೆಳ್ಳಗಾಗುವಂತೆ ಹಿಡಿದು, ಕಾಗದ ಹರಿಯುವಂತೆ ಒತ್ತಿ ಬರೆಯುವುದಕ್ಕೆ ಹಟ ಕಾರಣವಲ್ಲ. ಹದ ಗೊತ್ತಿಲ್ಲದ ನರಮಂಡಲ ವಹಿಸುವ ಎಚ್ಚರಿಕೆ ಅದು. ಆ ಕೈಗೆ ಅರ್ಧ ಪುಟದಲ್ಲೇ ನೋವು ಬರುವುದು ಸಹಜ.

ಇಷ್ಟು ವರ್ಷ ಯಾಕೆ ಬೇಕು ಎಂದರೆ ಮೆದುಳಿನ ಹೊರಪದರದಿಂದ ಬೆನ್ನುಹುರಿಗೆ ಇಳಿಯುವ ನರಹಾದಿ ನಿಧಾನವಾಗಿ ಪಕ್ವವಾಗುತ್ತದೆ. 1968ರಲ್ಲಿ ಲಾರೆನ್ಸ್ ಮತ್ತು ಕೈಪರ್ಸ್ ಎಂಬ ವಿಜ್ಞಾನಿಗಳು ಕೋತಿಗಳಲ್ಲಿ ಈ ಹಾದಿಯನ್ನು ಕತ್ತರಿಸಿ ನೋಡಿದ್ದರು. ಅವು ಮತ್ತೆ ಓಡಾಡಿದವು, ಹತ್ತಿ ಇಳಿದವು, ಮುಷ್ಟಿಯಲ್ಲಿ ಹಿಡಿದವು. ಒಂದು ಬೆರಳನ್ನು ಉಳಿದವುಗಳಿಂದ ಬೇರ್ಪಡಿಸಿ ಆಡಿಸುವುದು ಮಾತ್ರ ಮರಳಿ ಬರಲಿಲ್ಲ. ಬರವಣಿಗೆಗೆ ಬೇಕಾದದ್ದು ಆ ಕೌಶಲವೇ. ಹಾದಿ ಪಕ್ವವಾಗುವುದು ವಯಸ್ಸಿನ ಕೆಲಸ, ನಿಜ. ಆದರೆ ಅದರಲ್ಲಿ ಓಡಾಡುವ ಮಾಹಿತಿ, ಅಂದರೆ ಯಾವುದು ಎಷ್ಟು ಭಾರ, ಯಾವುದು ಎಷ್ಟು ಜಾರುತ್ತದೆ ಎಂಬ ನೆನಪು, ಎತ್ತಿ ಎತ್ತಿಯೇ ಬರಬೇಕು.

ಈ ನೆನಪು ತುಂಬುವ ಕೆಲಸ ನಮ್ಮ ಮನೆಗಳಲ್ಲಿ ಯಾರೂ ಪಾಠವೆಂದು ಕರೆಯದೆ ನಡೆಯುತ್ತಿತ್ತು. ಡಿಸೆಂಬರ್, ಜನವರಿಯ ಅವರೆ ಕಾಲವನ್ನು ನೆನೆಯಿರಿ. ರಾತ್ರಿ ನೆನೆಹಾಕಿದ ಅವರೆಕಾಳನ್ನು ಬೆಳಿಗ್ಗೆ ಹಿತಕುವಾಗ ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಕಾಳು. ಮೆಲ್ಲಗೆ ಒತ್ತಿದರೆ ಸಿಪ್ಪೆ ಬಿಡುವುದಿಲ್ಲ. ಜೋರಾಗಿ ಒತ್ತಿದರೆ ಬೇಳೆ ಎರಡಾಗುತ್ತದೆ, ಇಲ್ಲವೇ ಚಿಮ್ಮಿ ಗೋಡೆಗೆ ಹೊಡೆಯುತ್ತದೆ. ಒದ್ದೆ ಸಿಪ್ಪೆ ಜಾರುತ್ತದೆ, ಒಣಗುತ್ತಾ ಬಂದಂತೆ ಅಂಟುತ್ತದೆ, ಬಲಿತ ಕಾಳಿಗೆ ಒಂದು ಹದ, ಎಳೆಯದಕ್ಕೆ ಇನ್ನೊಂದು. ಅಜ್ಜಿಯ ಪಕ್ಕ ಕೂತ ಐದು ವರ್ಷದ ಮಗು ಒಂದು ಬೋಗುಣಿ ಕಾಳು ಹಿತಕುವಷ್ಟರಲ್ಲಿ ಸ್ವೀಡನ್ನಿನ ಪ್ರಯೋಗಶಾಲೆಯಲ್ಲಿ ನಡೆದ ಪರೀಕ್ಷೆಯನ್ನು ನೂರಾರು ಸಲ ಬರೆದು ಮುಗಿಸಿರುತ್ತದೆ. ಕಡಲೆಕಾಯಿ ಬಿಡಿಸುವುದು, ಹೂ ಕಟ್ಟುವುದು, ರಂಗೋಲಿ ಪುಡಿಯನ್ನು ಚಿಟಿಕೆಯಲ್ಲಿ ಹಿಡಿದು ಎಳೆ ಬಿಡುವುದು, ಅಳಗುಳಿಮಣೆಯ ಗುಳಿಯಿಂದ ಹರಳು ತೆಗೆಯುವುದು, ಗೋಲಿ, ಬುಗುರಿ, ಐದು ಕಲ್ಲಿನಾಟ ಎಲ್ಲದರಲ್ಲೂ ಇದೇ ಅಭ್ಯಾಸ. ಅನ್ನ ಸಾರು ಕಲಸಿ ಚೆಲ್ಲದೆ ಬಾಯಿಗಿಡುವುದೂ ಸಣ್ಣ ವಿದ್ಯೆಯಲ್ಲ.

ಈಗ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಮಗು ಲೋಟಕ್ಕೆ ಕೈ ಹಾಕಿದರೆ ಕೇಳುವ ಮಾತು, ‘ಬೇಡ ಪುಟ್ಟಾ, ಚೆಲ್ಲಿಬಿಡ್ತೀಯ, ಅಮ್ಮ ಕೊಡ್ತೀನಿ ಇರು.’ ಊಟಕ್ಕೆ ಕೂತಾಗ ಕೈಯಲ್ಲಿ ಮೊಬೈಲ್, ತುತ್ತು ಅಮ್ಮನ ಕೈಯಿಂದ. ಕಾಳು ಹಿತಕಿದ್ದೇ ಪೊಟ್ಟಣದಲ್ಲಿ ಸಿಗುತ್ತದೆ. ದುಡಿದು ಬಂದ ತಾಯಿಯನ್ನು ಇದಕ್ಕೆ ದೂರುವುದು ಅನ್ಯಾಯ, ಅವಳಿಗೆ ಸಮಯವಿಲ್ಲ, ಪಕ್ಕದಲ್ಲಿ ಅಜ್ಜಿಯೂ ಇಲ್ಲ. ಆದರೆ ಮೊಬೈಲಿನ ಗಾಜಿನ ಮೇಲೆ ಕಾಣುವ ಸೇಬಿಗೂ ಆನೆಗೂ ಭಾರ ಒಂದೇ, ನುಣುಪೂ ಒಂದೇ. ಅಲ್ಲಿ ಏನೂ ಜಾರುವುದಿಲ್ಲ, ಏನೂ ಬೀಳುವುದಿಲ್ಲ, ಹಿಡಿಯಲು ಏನೂ ಇಲ್ಲ.

ಇದರಿಂದ ಕೈ ಕೆಡುತ್ತದೆ ಎನ್ನಲು ಪುರಾವೆ ಇದೆಯೇ? ತೈವಾನಿನಲ್ಲಿ ಸರಾಸರಿ ಐದು ವರ್ಷದ 80 ಮಕ್ಕಳನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. 40 ಮಕ್ಕಳು 24 ವಾರ ಮನೆಯಲ್ಲಿ ಟ್ಯಾಬ್ ಮೇಲೆ ಬೆರಳ ಆಟ ಆಡಿದರು, ಉಳಿದ 40 ಮಕ್ಕಳು ಕೈಗೆ ಸಿಗುವ ವಸ್ತುಗಳೊಂದಿಗೆ ಆಡಿದರು. ಬೆರಳ ನಿಖರತೆಯಲ್ಲೂ ಕೈಚಳಕದಲ್ಲೂ ಎರಡನೇ ಗುಂಪು ಸ್ಪಷ್ಟವಾಗಿ ಹೆಚ್ಚು ಮುಂದುವರಿದಿತ್ತು. ಇದು ಸಣ್ಣ ಅಧ್ಯಯನ. ಎದುರು ಪುರಾವೆಯೂ ಇದೆ. ಬ್ರಿಟನ್ನಿನಲ್ಲಿ 2016ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಬೇಗ ಪರದೆ ಸರಿಸಲು ಕಲಿತ ಕೂಸುಗಳು ಮರದ ತುಂಡುಗಳನ್ನು ಪೇರಿಸುವುದನ್ನೂ ಬೇಗ ಕಲಿತಿದ್ದವು. ಚುರುಕಾದ ಬೆರಳಿನ ಮಗು ಎರಡನ್ನೂ ಬೇಗ ಕಲಿತೀತು, ಹಾಗಾಗಿ ಅದು ಪರದೆಯ ಪರವಾದ ಸಾಕ್ಷ್ಯವೆಂದು ನನಗನ್ನಿಸುವುದಿಲ್ಲ. ಆದರೂ ಅದನ್ನು ಮುಚ್ಚಿಡಬಾರದು.

ಹಿಡಿತದ ಬಲದ ವಿಷಯದಲ್ಲೂ ಚಿತ್ರ ಒಂದೇ ತೆರನಿಲ್ಲ. ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ 1998ರ ಹತ್ತು ವರ್ಷದ ಮಕ್ಕಳನ್ನೂ 2008ರ ಹತ್ತು ವರ್ಷದ ಮಕ್ಕಳನ್ನೂ ಹೋಲಿಸಿದಾಗ ಕೈಹಿಡಿತದ ಬಲ ಶೇ 7ರಷ್ಟು ಇಳಿದಿತ್ತು. ಕಂಬಿ ಹಿಡಿದು ತಮ್ಮ ಮೈಭಾರ ತಾಳಲಾರದವರು 1998ರಲ್ಲಿ 20ಕ್ಕೆ ಒಬ್ಬರಿದ್ದರೆ 2008ರಲ್ಲಿ 10ಕ್ಕೆ ಒಬ್ಬರಾಗಿದ್ದರು. ಅದೇ ವೇಳೆಗೆ, 1967ರಿಂದ 2017ರವರೆಗೆ 19 ದೇಶಗಳ 22 ಲಕ್ಷಕ್ಕೂ ಹೆಚ್ಚು ಮಕ್ಕಳ ಅಳತೆಗಳನ್ನು ಒಟ್ಟುಗೂಡಿಸಿದ ಅಧ್ಯಯನದಲ್ಲಿ ಬಲ ಒಟ್ಟಾರೆ ಹೆಚ್ಚಿದ್ದೇ ಕಂಡಿತು. ಹಾಗಾಗಿ ಮಕ್ಕಳ ಕೈ ಸೋಲುತ್ತಿದೆ ಎಂಬ ಸಾರಾಸಗಟು ಕೂಗಿಗೆ ನಾನು ದನಿಗೂಡಿಸುವುದಿಲ್ಲ. ಬಲ ಬೇರೆ, ಹದ ಬೇರೆ. ಚೆನ್ನಾಗಿ ಉಂಡು ಬೆಳೆದ ಮಗುವಿನ ಮುಷ್ಟಿ ಗಟ್ಟಿಯಾಗಿದ್ದು ಬೆರಳ ತುದಿ ಏನನ್ನೂ ಕಲಿಯದೆ ಉಳಿಯಬಹುದು. ಐರ್ಲೆಂಡಿನ ಪ್ರಾಥಮಿಕ ಶಾಲಾ ಮಕ್ಕಳನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ವರದಿ ಈ ಕಡೆಗೇ ಬೆರಳು ತೋರುತ್ತದೆ. ವಯಸ್ಸು ಏರಿದಂತೆ ಅವರ ಬೆರಳ ಕೌಶಲದ ಅಂಕಗಳು ಏರಿದ್ದವು, ಆದರೆ ಆಯಾ ವಯಸ್ಸಿಗೆ ಇರಬೇಕಾದ ಮಟ್ಟದೊಂದಿಗೆ ಹೋಲಿಸಿದರೆ ದೊಡ್ಡ ಮಕ್ಕಳು ಹಿಂದೆ ಬೀಳುತ್ತಾ ಹೋಗಿದ್ದರು. ಇನ್ನು ಕೊರೊನಾ ಕಾಲದ ಕೂಸುಗಳು. ನ್ಯೂಯಾರ್ಕಿನಲ್ಲಿ 2020ರಲ್ಲಿ ಹುಟ್ಟಿದ ಮಕ್ಕಳನ್ನು ಆರು ತಿಂಗಳಿದ್ದಾಗ ಅಳೆದು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾಯಿಗೆ ಸೋಂಕು ತಗುಲಿರಲಿ ಬಿಡಲಿ, ಬೆರಳ ಕೌಶಲದ ಅಂಕ ಹಿಂದಿನ ಮಕ್ಕಳಿಗಿಂತ ತುಸು ಕಡಿಮೆಯಿತ್ತು. ವ್ಯತ್ಯಾಸ ಸಣ್ಣದು. ನಮ್ಮಲ್ಲೂ ಆ ವಯಸ್ಸಿನ ಮಕ್ಕಳು ಅಂಗನವಾಡಿ ಮುಚ್ಚಿದ್ದ, ಹೊರಗೆ ಬಿಡದ, ಮೊಬೈಲೇ ಜೊತೆಗಾರನಾಗಿದ್ದ ದಿನಗಳಲ್ಲಿ ಬೆಳೆದವರು ಎಂಬುದನ್ನು ನಾನು ಮರೆಯಲಾರೆ.

ಇವು ಒಂದೊಂದೂ ತೀರ್ಪು ಕೊಡುವಷ್ಟು ಬಲವಾದ ಸಾಕ್ಷ್ಯಗಳಲ್ಲ. ಒಟ್ಟಿಗಿಟ್ಟು ನೋಡಿದಾಗ, ಅದರ ಪಕ್ಕದಲ್ಲಿ ನಮ್ಮ ಖಾಸಗಿ ಶಾಲೆಗಳ ಎಲ್‌ಕೆಜಿ ಹೋಂವರ್ಕ್ ಇಟ್ಟು ನೋಡಿದಾಗ, ನನ್ನ ನೆಮ್ಮದಿ ಹೋಗುತ್ತದೆ. ಪೆನ್ಸಿಲ್ ಹಿಡಿತಕ್ಕೂ ಒಂದು ಕ್ರಮವಿದೆ. ಒಂದೂವರೆ ವರ್ಷಕ್ಕೆ ಮುಷ್ಟಿಯಲ್ಲಿ, ಎರಡು ಮೂರಕ್ಕೆ ಬೆರಳುಗಳೆಲ್ಲ ಕೆಳಮುಖವಾಗಿ, ನಾಲ್ಕರ ಆಸುಪಾಸಿಗೆ ಮೂರು ಬೆರಳಿನಲ್ಲಿ, ಆದರೆ ಬೆರಳು ಆಡುವುದಿಲ್ಲ, ಇಡೀ ಕೈ ಆಡುತ್ತದೆ. ಬೆರಳ ಗೆಣ್ಣುಗಳೇ ಮಡಿದು ಬಿಚ್ಚಿ ಪೆನ್ಸಿಲನ್ನು ನಡೆಸುವ ಹಿಡಿತ ಬಹಳಷ್ಟು ಮಕ್ಕಳಿಗೆ ನಾಲ್ಕೂವರೆಯಿಂದ ಆರೂವರೆಯ ನಡುವೆ ಬರುತ್ತದೆ. ಕನ್ನಡದ ಅಕ್ಷರಗಳಿಗೆ ಇದು ಇನ್ನೂ ಮುಖ್ಯ. ಎಲ್ಲ ಗುಂಡುಗುಂಡು, ಸುಳಿ, ಕೊಂಬು, ಕೆಳಗೆ ಪುಟ್ಟದಾಗಿ ಒತ್ತಕ್ಷರ. ಗೆಣ್ಣು ಆಡದ ಕೈಯಲ್ಲಿ ‘ಕ್ಷ’ ಬರೆಯಬೇಕಾದರೆ ಮಗು ಭುಜದಿಂದ ಬರೆಯುತ್ತದೆ.

ಹಿಡಿತದ ಆಕಾರದ ಬಗ್ಗೆ ಮೇಷ್ಟ್ರುಗಳೂ ಮಿಸ್ಸುಗಳೂ ಮಾಡುವ ಗಲಾಟೆ ಮಾತ್ರ ಅನಗತ್ಯ. ಕೆನಡಾದಲ್ಲಿ ನಾಲ್ಕನೇ ತರಗತಿಯ 120 ಮಕ್ಕಳನ್ನು ಪರೀಕ್ಷಿಸಿದ 2012ರ ಅಧ್ಯಯನದಲ್ಲಿ, ನಾಲ್ಕು ಬಗೆಯ ಪಕ್ವ ಹಿಡಿತಗಳಲ್ಲಿ ಯಾವುದನ್ನು ಬಳಸಿದರೂ ವೇಗದಲ್ಲಾಗಲಿ ಅಕ್ಷರದ ಸ್ಪಷ್ಟತೆಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಬೆರಳು ನೋಯದೆ ಆಡುತ್ತಿದೆಯೇ ಎಂದು ನೋಡಿದರೆ ಸಾಕು. ಎಡಗೈ ಮಗುವಿನ ಕೈಗೆ ಹೊಡೆದು ಬಲಕ್ಕೆ ತಿರುಗಿಸುವವರು ಇನ್ನೂ ಇದ್ದರೆ ದಯವಿಟ್ಟು ನಿಲ್ಲಿಸಿ.

ಮುಂದೆ ಬರುವ ಹಾನಿ ಅಕ್ಷರ ದುಂಡಗಿಲ್ಲ ಎಂಬುದಕ್ಕೆ ನಿಲ್ಲುವುದಿಲ್ಲ. ಅಕ್ಷರ ತಾನಾಗಿ ಮೂಡದ ಮಗುವಿನ ಗಮನವೆಲ್ಲ ಬೆರಳಿಗೇ ಹೋಗುತ್ತದೆ, ಏನು ಬರೆಯಬೇಕು ಎಂಬುದಕ್ಕೆ ಉಳಿಯುವುದಿಲ್ಲ. ಅಂಥ ಮಗು ಗೊತ್ತಿದ್ದದ್ದನ್ನೂ ಮೊಟಕಾಗಿ ಬರೆಯುತ್ತದೆ, ಹೋಂವರ್ಕ್ ಎಂದರೆ ಹೊಟ್ಟೆನೋವು ಎನ್ನುತ್ತದೆ, ಕೊನೆಗೆ ಸೋಮಾರಿ ಎನ್ನಿಸಿಕೊಳ್ಳುತ್ತದೆ. ಅಮೆರಿಕದ ಪ್ರಾಥಮಿಕ ಶಾಲೆಗಳನ್ನು ಗಮನಿಸಿದ 1992ರ ಅಧ್ಯಯನವೊಂದರಲ್ಲಿ ತರಗತಿಯ ಶೇ 30ರಿಂದ 60ರಷ್ಟು ಹೊತ್ತು ಬೆರಳ ಕೆಲಸಕ್ಕೇ, ಹೆಚ್ಚಾಗಿ ಬರವಣಿಗೆಗೇ ಹೋಗುತ್ತಿತ್ತು. ಬೋರ್ಡಿನಿಂದ ನೋಟ್ಸ್ ಇಳಿಸಿಕೊಳ್ಳುವ ನಮ್ಮ ತರಗತಿಗಳು ಇದಕ್ಕಿಂತ ಕಡಿಮೆ ಬರೆಸುತ್ತವೆ ಎಂದು ನಂಬಲು ನನಗೆ ಕಾರಣವಿಲ್ಲ. ಶಾಲೆಗೆ ಸೇರುವಾಗಿನ ಬೆರಳ ಕೌಶಲ ಮುಂದಿನ ತರಗತಿಗಳ ಓದು, ಗಣಿತ ಎರಡನ್ನೂ ಮುನ್ಸೂಚಿಸುತ್ತದೆ ಎಂದು 2010ರಲ್ಲಿ ಡೇವಿಡ್ ಗ್ರಿಸ್ಮರ್ ಮತ್ತು ಸಂಗಡಿಗರು ದೊಡ್ಡ ದತ್ತಾಂಶದಿಂದ ತೋರಿಸಿದರು. ಇಂಡಿಯಾನಾ ವಿಶ್ವವಿದ್ಯಾಲಯದ ಕರಿನ್ ಜೇಮ್ಸ್ ಅವರ 2012ರ ಪ್ರಯೋಗದಲ್ಲಿ, ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳು ಕೈಯಾರೆ ಬರೆದು ಕಲಿತ ಅಕ್ಷರವನ್ನು ನೋಡಿದಾಗ ಮೆದುಳಿನ ಓದಿನ ಭಾಗಗಳು ಎಚ್ಚರಗೊಂಡವು, ಟೈಪ್ ಮಾಡಿ ಕಲಿತ ಅಕ್ಷರಕ್ಕೆ ಹಾಗಾಗಲಿಲ್ಲ. ಆದ್ದರಿಂದ ಬರವಣಿಗೆಯನ್ನೇ ಬಿಟ್ಟು ಕೀಬೋರ್ಡ್ ಕೊಟ್ಟರಾಯಿತು ಎಂಬ ಸುಲಭದ ದಾರಿ ನನಗೆ ಒಪ್ಪಿಗೆಯಿಲ್ಲ. ಮೇಲಾಗಿ, ಹತ್ತು ವರ್ಷ ಕಳೆದರೆ ಇದೇ ಮಕ್ಕಳು ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಮೂರು ತಾಸು ಕೂತು ಕೈಯಲ್ಲೇ ಬರೆಯಬೇಕು.

ಹಾಗಾದರೆ ಮಾಡಬೇಕಾದದ್ದು ಏನು? ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು ನಮ್ಮ ರಾಜ್ಯ ತಂದಾಗ ಪೋಷಕರ ವಿರೋಧ ಎದ್ದು, 2025-26ರ ಸಾಲಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಲಾಯಿತು. ಒಂದು ವರ್ಷ ಹಾಳಾಗುತ್ತದೆ ಎಂಬ ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಬೆರಳಿನ ದೃಷ್ಟಿಯಿಂದ ಆ ಏಳು ತಿಂಗಳು ಚಿನ್ನದಂಥವು. ಅದಕ್ಕಿಂತ ಮುಖ್ಯ, ಐದು ತುಂಬುವ ಮೊದಲು ಪುಟಗಟ್ಟಲೆ ಕಾಪಿ ಬರೆಸುವುದನ್ನು ಶಾಲೆಗಳು ಬಿಡಬೇಕು. ಅಕ್ಷರ ಬೇಡವೆನ್ನುತ್ತಿಲ್ಲ. ಮರಳಿನಲ್ಲಿ ಬೆರಳಾಡಿಸಲಿ, ಸ್ಲೇಟಿನ ಮೇಲೆ ಬಳಪ ಒರಟಾಗಿ ಉಜ್ಜಲಿ, ಜೇಡಿಮಣ್ಣಿನಲ್ಲಿ ‘ಅ’ ಮಾಡಲಿ. ಎರಡು ವರ್ಷದೊಳಗೆ ಪರದೆ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲೇ ಹೇಳಿದೆ. ಮನೆಯಲ್ಲಿ ಲೋಟ ಮಗುವೇ ಎತ್ತಲಿ, ಚೆಲ್ಲಿದರೆ ಒರೆಸುವ ಬಟ್ಟೆಯನ್ನೂ ಅದರ ಕೈಗೇ ಕೊಡಿ, ಹಿಂಡುವುದೂ ಅಭ್ಯಾಸವೇ. ಬಟಾಣಿ ಸುಲಿಯಲು, ಚಪಾತಿ ಹಿಟ್ಟು ನಾದಲು, ಅಂಗಿಯ ಗುಂಡಿ ಹಾಕಿಕೊಳ್ಳಲು ಎಂಟು ನಿಮಿಷ ಹೆಚ್ಚು ಹಿಡಿದರೆ ಹಿಡಿಯಲಿ.

ಎಲ್ಲವೂ ಅಭ್ಯಾಸದ ಕೊರತೆಯಲ್ಲ ಎಂಬುದನ್ನೂ ಹೇಳಲೇಬೇಕು. ನೂರಕ್ಕೆ ಐದಾರು ಮಕ್ಕಳಿಗೆ ಕೈಕಾಲುಗಳ ಹೊಂದಾಣಿಕೆಯಲ್ಲೇ ಹುಟ್ಟಿನಿಂದ ಬಂದ ತೊಡಕಿರುತ್ತದೆ, ಅವರಿಗೆ ಎಷ್ಟು ಅವರೆಕಾಳು ಕೊಟ್ಟರೂ ಸಾಲದು, ಆಕ್ಯುಪೇಷನಲ್ ಥೆರಪಿಸ್ಟ್ ಬೇಕು. ಮೂರು ನಾಲ್ಕು ತಿಂಗಳು ದಾಟಿದರೂ ಮುಷ್ಟಿ ಬಿಚ್ಚದಿದ್ದರೆ, ವರ್ಷ ತುಂಬಿ ಕೆಲವು ವಾರ ಕಳೆದರೂ ಚಿಟಿಕೆ ಬರದಿದ್ದರೆ, ವರ್ಷ ತುಂಬುವ ಮೊದಲೇ ಮಗು ಒಂದೇ ಕೈಯನ್ನು ಬಳಸಿ ಇನ್ನೊಂದನ್ನು ಬಿಟ್ಟುಬಿಟ್ಟಿದ್ದರೆ ಕಾಯಬೇಡಿ. ಕೊನೆಯದನ್ನು ‘ನೋಡಿ, ಈಗಲೇ ಬಲಗೈ ಮಗು’ ಎಂದು ಸಂತೋಷಪಡುವವರಿದ್ದಾರೆ, ಇನ್ನೊಂದು ಬದಿಯ ನರದ ತೊಂದರೆಗೆ ಅದು ಮೊದಲ ಸುಳಿವಾಗಿರಬಹುದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುತ್ತವೆ, ಇಂಥ ಮಕ್ಕಳನ್ನು ಜಿಲ್ಲಾ ಮಟ್ಟದ ಆರಂಭಿಕ ಚಿಕಿತ್ಸಾ ಕೇಂದ್ರಗಳಿಗೆ ಕಳಿಸುವ ವ್ಯವಸ್ಥೆಯೂ ಅದರಲ್ಲಿದೆ. ಆ ಭೇಟಿಯಲ್ಲಿ ತೂಕ, ಎತ್ತರ, ಕಣ್ಣು, ಹಲ್ಲಿನ ಜೊತೆಗೆ ಒಂದನೇ ತರಗತಿಯ ಪ್ರತಿ ಮಗುವಿನ ಕೈಯನ್ನೂ ಎರಡು ನಿಮಿಷ ನೋಡಬಹುದು. ಒಂಬತ್ತು ತೂತಿನ ಹಲಗೆ, ಒಂಬತ್ತು ಕಡ್ಡಿ, ಒಂದು ಗಡಿಯಾರ ಇದ್ದರೆ ಆಯಿತು. ಕಡ್ಡಿಗಳನ್ನು ಒಂದೊಂದಾಗಿ ತೂತಿಗೆ ಹಾಕಿ ತೆಗೆಯಲು ಹಿಡಿದ ಸೆಕೆಂಡುಗಳನ್ನು ಬರೆದಿಡುವ ಈ ಪರೀಕ್ಷೆ ಚಿಕಿತ್ಸಕರಿಗೆ ಹಳೆಯ ಪರಿಚಯ. ಅಂಥ ಹಲಗೆಯನ್ನು ಊರಿನ ಬಡಗಿಯೇ ಮಾಡಿಕೊಡಬಲ್ಲ.